ಗಿರಣಿಯ ಭೋಂಗಾ, ಟಾಕೀಸಿನ ಗಂಟೆ

ಕಾಸರಗೋಡಿನ ಕನ್ನಡಿಗರಿಗೆ ಸೊಲ್ಲಾಪುರವೆಂದರೆ ಮೊದಲು ನೆನಪಾಗುವುದು ಚಾದರ. ಸಾಹಿತ್ಯದ ಒಲವಿದ್ದವರಿಗೆ ಸೊನ್ನಲಿಗೆಯ ಸಿದ್ಧರಾಮ ನೆನಪಾಗಬಹುದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಜಯದೇವಿತಾಯಿ ಲಿಗಾಡೆ ನೆನಪಾಗಬಹುದು. ನಮ್ಮ ನಿಮ್ಮ ನಡುವೆ ಇನ್ನೊಂದು ನಂಟೂ ಇದೆ. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರಕ್ಕಿರುವ ನಿಮ್ಮ ನೆಲವನ್ನೂ ನಮ್ಮ ಅಕ್ಕಲಕೋಟೆ ತಾಲೂಕನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿತ್ತು. ಎರಡೂ ಸೇರಲಿಲ್ಲ. ಅದರ ಬಗ್ಗೆ ಬರೆಯಲು ನನಗಿಂತ ಬಲ್ಲವರು ಬಹಳ ಮಂದಿ ಇದ್ದಾರೆ. ನಾನು ಬ್ಯಾಂಕಿನ ಗುಮಾಸ್ತ. ನಾನಿಲ್ಲಿ ಹೇಳಹೊರಟಿರುವುದು ನಮ್ಮ ಗಿರಣಿ ಓಣಿಗಳ ಹಳೆಯ ಟಾಕೀಸುಗಳ ವಿಷಯ. ಅದು ಕೊನೆಗೆ ಭಾಷೆಯ ವಿಷಯವೇ ಆಗಿಬಿಡುತ್ತದೆ, ಅದಕ್ಕೆ ನಾನೇನೂ ಮಾಡುವ ಹಾಗಿಲ್ಲ.

ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ, ಮೊದಲ ಬಟ್ಟೆ ಗಿರಣಿ ಎದ್ದದ್ದು 1877ರಲ್ಲಿ. ಜನ ಅದನ್ನು ಜೂನಿ ಗಿರಣಿ ಎಂದೇ ಕರೆದರು. ಅದರ ಹಿಂದೆ ನರಸಿಂಗ ಗಿರ್ಜಿ, ಲಕ್ಷ್ಮೀ, ವಿಷ್ಣು ಮಿಲ್ಲುಗಳು ಬಂದವು. ತೆಲಂಗಾಣದ ಪದ್ಮಶಾಲಿ ನೇಕಾರರು ಬಂದು ಪೂರ್ವಭಾಗದಲ್ಲಿ ನೆಲೆಸಿದರು. ಅಕ್ಕಲಕೋಟೆ, ಇಂಡಿ, ಆಳಂದದ ಕಡೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲೆಲ್ಲ ನಮ್ಮ ಕನ್ನಡದ ಮಂದಿ ಬಂದರು. ಮರಾಠಿ ಮತ್ತು ದಖನಿ ಉರ್ದು ಮೊದಲೇ ಇದ್ದವು. ಹೀಗಾಗಿ ನಮ್ಮ ಓಣಿಯ ನಲ್ಲಿಯ ಮುಂದೆ ನಾಲ್ಕು ಭಾಷೆಗಳಲ್ಲಿ ಜಗಳವಾಗುತ್ತಿತ್ತು.

ಊರಿಗೆಲ್ಲ ಗಡಿಯಾರ ಗಿರಣಿಯ ಭೋಂಗಾ. ಅದು ಕೂಗಿದರೆ ಪಾಳಿ ಬದಲಾಯಿತೆಂದು ಅರ್ಥ. ಟಾಕೀಸಿನವರೂ ಅದನ್ನೇ ನೋಡಿಕೊಂಡು ಬದುಕಿದವರು. ಮೊದಲ ಪಾಳಿ ಮುಗಿಸಿದವನು ಮನೆಗೆ ಬಂದು, ಮೈಗೆ ಅಂಟಿದ ಹತ್ತಿಯ ನಾರು ತೊಳೆದುಕೊಂಡು, ಊಟ ಮಾಡಿ ಸಂಜೆಯ ಆಟಕ್ಕೆ ಹೋಗಬೇಕು. ಎರಡನೇ ಪಾಳಿಯವನಿಗೆ ಮಧ್ಯಾಹ್ನ 12ರ ಮ್ಯಾಟಿನಿಯೇ ಗತಿ. ಪಗಾರದ ಮರುದಿನ ಯಾವ ಟಾಕೀಸಿನ ಮುಂದೆ ಹೋದರೂ ಬ್ಲ್ಯಾಕಿನ ಹುಡುಗರ ಪಿಸುಮಾತು ಕೇಳುತ್ತಿತ್ತು. ತಿಂಗಳ ಕೊನೆಯ ವಾರದಲ್ಲಿ ಅದೇ ಹುಡುಗರು ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದರು.

ಭಾಗವತ, ಪ್ರಭಾತ, ಮೀನಾ, ಆಶಾ, ಲಕ್ಷ್ಮೀನಾರಾಯಣ ಎಂಬ ಹೆಸರುಗಳನ್ನು ಹೇಳಿದರೆ ಸಾಕು, ನನ್ನ ವಯಸ್ಸಿನ ಯಾವ ಸೊಲ್ಲಾಪುರಿಗನೂ ಕುರ್ಚಿ ಎಳೆದುಕೊಂಡು ಕುಳಿತುಬಿಡುತ್ತಾನೆ. ಭಾಗವತರ ಒಂದೇ ಆವರಣದಲ್ಲಿ ಒಂದಕ್ಕಿಂತ ಹೆಚ್ಚು ಪರದೆಗಳಿದ್ದವು. ಮಲ್ಟಿಪ್ಲೆಕ್ಸ್ ಎಂಬ ಶಬ್ದ ನಮ್ಮ ಕಿವಿಗೆ ಬೀಳುವ ಎಷ್ಟೋ ಮೊದಲಿನ ಮಾತಿದು. ಹಿಂದಿ ಮತ್ತು ಮರಾಠಿ ಎಲ್ಲ ಕಡೆಯೂ ನಡೆಯುತ್ತಿದ್ದವು, ಪೂರ್ವಭಾಗದಲ್ಲಿ ತೆಲುಗು ಚಿತ್ರಗಳು ತುಂಬಿಕೊಂಡು ಓಡುತ್ತಿದ್ದವು. 1991ರಲ್ಲಿ ‘ಮಾಹೇರ್‌ಚಿ ಸಾಡಿ’ ಬಂದಾಗ ನಮ್ಮ ಓಣಿಯ ಕನ್ನಡದ ಹೆಂಗಸರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದರು. ತವರಿನ ಸೀರೆಗೆ ಅಳಲು ಮರಾಠಿ ಬರಲೇಬೇಕೆಂದಿಲ್ಲವಲ್ಲ.

ನಮ್ಮಜ್ಜನ ತಲೆಮಾರಿಗೆ ಒಂದು ಹೆಮ್ಮೆಯಿತ್ತು. ಚೀನಾಕ್ಕೆ ಹೋಗಿ, ಅಲ್ಲಿಯ ಸೈನಿಕರ ಶುಶ್ರೂಷೆ ಮಾಡುತ್ತ 1942ರಲ್ಲಿ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನೀಸರು 1910ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಅವರ ಕಥೆಯನ್ನು ವಿ. ಶಾಂತಾರಾಮ್ 1946ರಲ್ಲಿ ಚಿತ್ರ ಮಾಡಿದರು, ಕೋಟ್ನೀಸರ ಪಾತ್ರವನ್ನು ತಾವೇ ಮಾಡಿದರು. ತಮ್ಮ ಊರಿನ ಹುಡುಗ ಪರದೆಯ ಮೇಲೆ ಬಂದದ್ದನ್ನು ಅಜ್ಜ ಸಾಯುವವರೆಗೂ ಹೇಳುತ್ತಿದ್ದರು. ನಟಿ ಶಶಿಕಲಾ ಕೂಡ ಇದೇ ಊರಿನಲ್ಲಿ ಹುಟ್ಟಿದವರು. ಆಕೆ ಪರದೆಯ ಮೇಲೆ ಎಷ್ಟು ದುಷ್ಟತನ ಮಾಡಿದರೂ ನಮ್ಮಲ್ಲಿ ಯಾರೂ ಬೈಯುತ್ತಿರಲಿಲ್ಲ.

ಟಾಕೀಸಿನ ಒಳಗುಟ್ಟು ನನಗೆ ತಿಳಿದದ್ದು ನಮ್ಮ ಚಾಳಿನಲ್ಲೇ ಇದ್ದ ಒಬ್ಬ ಆಪರೇಟರ್ ಕಾಕಾನಿಂದ. ಕೆಲವು ಸಲ ಅವರು ನನ್ನನ್ನು ಕ್ಯಾಬಿನ್ನಿಗೆ ಕರೆದುಕೊಂಡು ಹೋಗಿದ್ದರು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಲೆಯ ಮುಂದೆ ನಿಂತಷ್ಟು ಸೆಕೆ. ಎರಡು ಯಂತ್ರಗಳು ಪಕ್ಕಪಕ್ಕದಲ್ಲಿ. ಒಳಗೆ ಬಲ್ಬು ಇಲ್ಲ, ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ಉರಿಯುವ ಕಿಡಿಯೇ ಬೆಳಕು. ಕಡ್ಡಿ ಉರಿದು ಸವೆದಂತೆ ನಡುವಿನ ಅಂತರ ಹೆಚ್ಚುತ್ತದೆ. ಅದನ್ನು ಆಗಾಗ ಸರಿಪಡಿಸದಿದ್ದರೆ ಪರದೆಯ ಮೇಲಿನ ನಾಯಕಿ ಕಪ್ಪಗಾಗಿಬಿಡುತ್ತಾಳೆ, ಕೆಳಗಿನಿಂದ ಸಿಳ್ಳೆ ಮೇಲೇರುತ್ತದೆ. 2000 ಅಡಿಯ ಒಂದು ಸುರುಳಿ ಓಡುವುದು ಸುಮಾರು 22 ನಿಮಿಷ. ಅದು ಮುಗಿಯುವ ಹೊತ್ತಿಗೆ ಪರದೆಯ ಮೇಲಿನ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಅದನ್ನು ಕಂಡೊಡನೆ ಎರಡನೇ ಯಂತ್ರದ ಮೋಟಾರು ಹಾಕಬೇಕು. ಏಳೆಂಟು ಸೆಕೆಂಡಿನಲ್ಲಿ ಇನ್ನೊಂದು ಚುಕ್ಕೆ ಬಂದಾಗ ಬೆಳಕನ್ನು ಇತ್ತಿಂದತ್ತ ಬದಲಿಸಬೇಕು. ಕೆಳಗೆ ಕುಳಿತವರಿಗೆ ಇದೊಂದೂ ಗೊತ್ತಾಗಬಾರದು, ಗೊತ್ತಾದರೆ ಆಪರೇಟರ್ ಸೋತಂತೆ. ಆ ಚುಕ್ಕೆಯನ್ನು ಒಮ್ಮೆ ಕಂಡುಕೊಂಡ ಮೇಲೆ ನಾನು ಎಷ್ಟೋ ವರ್ಷ ಕಥೆ ಬಿಟ್ಟು ಬಲಮೂಲೆಯನ್ನೇ ನೋಡುತ್ತ ಕುಳಿತಿದ್ದೇನೆ.

ಇನ್ನು ಕನ್ನಡ ಚಿತ್ರಗಳ ಮಾತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣವಾದದ್ದು ಈಗ ಮಹಾರಾಷ್ಟ್ರದಲ್ಲಿರುವ ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ. ಕನ್ನಡ ಸಿನೆಮಾ ಮಾತು ಕಲಿತದ್ದೇ ಗಡಿಯ ಈಚೆ ಎಂದು ನಾನು ಬ್ಯಾಂಕಿನ ಗೆಳೆಯರ ಮುಂದೆ ಜಂಬ ಕೊಚ್ಚುವುದುಂಟು. ಆದರೆ ಗಡಿಯ ಈಚೆಗೆ ಕನ್ನಡ ಚಿತ್ರ ಬರುವುದು ಅಪರೂಪ. ಬಂದರೂ ಭಾನುವಾರ ಬೆಳಗಿನ ಒಂದು ಆಟಕ್ಕೆ, ಅದೂ ಕರ್ನಾಟಕದಲ್ಲಿ ಓಡಿ ದಣಿದ ಮೇಲೆ, ಗೀರು ಬಿದ್ದ ಪ್ರಿಂಟಿನಲ್ಲಿ. ತಾಳ್ಮೆಯಿಲ್ಲದವರು ಗದಗಿನ ಮೀಟರ್ ಗೇಜ್ ಗಾಡಿ ಹತ್ತಿ ವಿಜಾಪುರಕ್ಕೇ ಹೋಗುತ್ತಿದ್ದರು.

‘ಜೀವನ ಚೈತ್ರ’ ನಾವು ನೋಡಿದ್ದು ಅಂಥ ಒಂದು ಬೆಳಗಿನ ಆಟದಲ್ಲಿ. ಅದು 1992ರ ಚಿತ್ರ, ನಮ್ಮಲ್ಲಿಗೆ ಬರುವಾಗ ಮರುವರ್ಷವಾಗಿತ್ತು. ಟಾಕೀಸಿನ ಹೊರಗೆ ಕನ್ನಡ ಅಕ್ಷರದ ದೊಡ್ಡ ಪೋಸ್ಟರು. ಅದರ ಮುಂದೆ ನಿಂತವರೆಲ್ಲ ಮನೆಯಲ್ಲಿ ಕನ್ನಡ ಆಡುವವರು, ಆದರೆ ಓದಬಲ್ಲವರು ಹತ್ತರಲ್ಲಿ ಇಬ್ಬರೋ ಮೂವರೋ. ಸೊಲ್ಲಾಪುರದಲ್ಲಿ ಹುಟ್ಟಿದವರು ಮರಾಠಿ ಶಾಲೆಗೆ ಹೋದವರು. ನನ್ನಪ್ಪ ಅಕ್ಕಲಕೋಟೆ ತಾಲೂಕಿನ ಹಳ್ಳಿಯಲ್ಲಿ ಕನ್ನಡ ನಾಲ್ಕನೇ ಇಯತ್ತೆ ಮುಗಿಸಿ ಗಿರಣಿಗೆ ಬಂದವರು. ಪಕ್ಕದ ಸಾಲಿನ ಮುದುಕಿಯೊಬ್ಬಳು ಅವರ ತೋಳು ಹಿಡಿದು, “ಯಪ್ಪಾ, ಅಲ್ಲೇನ ಬರದಾರ, ಓದಿ ಹೇಳೋ” ಅಂದಳು. ಅಪ್ಪ ಜೋರಾಗಿ ಓದಿದರು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರ ದನಿ ಯಾವಾಗಲೂ ಜೋರು. ಒಳಗೆ ಹೋದ ಮೇಲೂ ಹೆಸರುಗಳು ಬಂದಂತೆಲ್ಲ ಓದುತ್ತ ಹೋದರು, ಯಾರೂ ಸುಮ್ಮನಿರು ಎನ್ನಲಿಲ್ಲ. ಚಿತ್ರದಲ್ಲಿ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿಯ ಮೇಲೆ ಏರಿಹೋದಾಗ ನಮ್ಮ ಟಾಕೀಸಿನ ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆಗೆ ಕಾರಣ ರಾಜಕುಮಾರರೊಬ್ಬರೇ ಅಲ್ಲ. ಗಂಡಸರ ಕಡೆ ಕೆಲವರು ಕೆಮ್ಮಿದರು.

ಸೊಲ್ಲಾಪುರದ ಕನ್ನಡಿಗರಿಗೆ ಆ ಎರಡೂವರೆ ಗಂಟೆ ಏನಾಗಿತ್ತೆಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಒಲೆಯ ಮುಂದೆ ಆಡುವ ಮಾತು, ಕಚೇರಿಯಲ್ಲಿ ಕೆಲಸಕ್ಕೆ ಬಾರದ ಮಾತು, ಅಷ್ಟು ದೊಡ್ಡ ಗೋಡೆಯ ಮೇಲೆ ಅಷ್ಟು ದೊಡ್ಡ ದನಿಯಲ್ಲಿ ಕೇಳುತ್ತಿತ್ತು. ಅದಕ್ಕೆ ದುಡ್ಡು ಕೊಟ್ಟು ಸರತಿ ನಿಂತವರು ನಾವೇ ಆಗಿದ್ದೆವು.

ಅಕ್ಕಲಕೋಟೆಯ ಹಳ್ಳಿಗಳಲ್ಲಿ ಜಾತ್ರೆಗೆ ತಂಬೂ ಟಾಕೀಸು ಬರುತ್ತಿತ್ತು, ನಿಮ್ಮಲ್ಲಿ ಯಕ್ಷಗಾನ ಮೇಳದ ಟೆಂಟು ಬಂದ ಹಾಗೆ. ಕೂಡಲು ಮನೆಯಿಂದಲೇ ಗೋಣಿಚೀಲ ಒಯ್ಯಬೇಕು. ಜನ ಹೆಚ್ಚಾದರೆ ಪರದೆಯ ಹಿಂದೆಯೂ ಕೂಡಿಸುತ್ತಿದ್ದರು. ಅಲ್ಲಿ ಅಕ್ಷರಗಳು ತಿರುವುಮುರುವಾಗಿ ಕಾಣುತ್ತವೆ, ನಾಯಕ ಎಡಗೈಯಲ್ಲಿ ಹೊಡೆಯುತ್ತಾನೆ. ಓದಲು ಬಾರದವರಿಗೆ ಯಾವ ಕಡೆ ಕೂತರೂ ಒಂದೇ, ಹಿಂದೆ ಗಾಳಿ ಜಾಸ್ತಿ ಎಂದು ನನ್ನ ಸೋದರಮಾವ ಅಲ್ಲೇ ಕೂಡುತ್ತಿದ್ದರು.

ಟಾಕೀಸುಗಳನ್ನು ಕೊಂದದ್ದು ಟಿವಿ ಎಂದು ಎಲ್ಲರೂ ಹೇಳುತ್ತಾರೆ. ವಿಡಿಯೋ, ಕೇಬಲ್, ಆಮೇಲೆ ಮೊಬೈಲು ಬಂದದ್ದು ನಿಜ. ಆದರೆ ನಮ್ಮ ಊರಿನ ಲೆಕ್ಕ ಬೇರೆ ಎಂದು ನನಗನಿಸುತ್ತದೆ. ಜೂನಿ ಗಿರಣಿ 1960ರ ದಶಕದಲ್ಲೇ ನಿಂತಿತ್ತು. 1990ರ ದಶಕದಲ್ಲಿ ಲಕ್ಷ್ಮೀ ವಿಷ್ಣು ನಿಂತಿತು, ಹೊಸ ಶತಮಾನದ ಆರಂಭದಲ್ಲಿ ನರಸಿಂಗ ಗಿರ್ಜಿಯೂ ನಿಂತಿತು. ಭೋಂಗಾ ನಿಂತ ಮೇಲೆ ಪಾಳಿಯಿಲ್ಲ, ಪಗಾರದ ದಿನವಿಲ್ಲ. ಅಪ್ಪ ಪವರ್‌ಲೂಮಿಗೆ ಹೋದರು. ಅಲ್ಲಿ 12 ತಾಸಿನ ದುಡಿಮೆ, ಮೀಟರಿನ ಲೆಕ್ಕದಲ್ಲಿ ಕೂಲಿ. ಆ ಮೇಲೆ ಅವರು ಟಾಕೀಸಿಗೆ ಹೋದದ್ದು ನನಗೆ ನೆನಪಿಲ್ಲ. ಟಿವಿ ಬರದಿದ್ದರೂ ಆ ಕುರ್ಚಿಗಳು ಖಾಲಿಯಾಗುತ್ತಿದ್ದವು.

ನಮ್ಮ ಕೌಂಟರಿಗೆ ಇಂದಿಗೂ ಕೆಲವು ಹಳೆಯ ಗಿರಣಿ ಕಾರ್ಮಿಕರು ಪಿಂಚಣಿಗೆ ಬರುತ್ತಾರೆ. ಮರಾಠಿಯಲ್ಲಿ ಮಾತಾಡಿ, ಚೀಟಿಯ ಮೇಲೆ ಮೆಲ್ಲಗೆ ಕನ್ನಡದಲ್ಲಿ ಸಹಿ ಮಾಡುತ್ತಾರೆ. ಅಂಥ ಸಹಿಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ಈಗಲೂ ಇವೆ, ನನ್ನ ಮಗ ಮಾತ್ರ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ.

2022ರಲ್ಲಿ ‘ಕಾಂತಾರ’ ಬಂದಾಗ ನಾವು ಟಾಕೀಸಿನಲ್ಲಿ ನೋಡಿದ್ದು ಹಿಂದಿಯದನ್ನು. ಅವ್ವನಿಗೆ ಸಮಾಧಾನವಾಗಲಿಲ್ಲ, “ನಮ್ಮ ಮಂದಿ ಸಿನೆಮಾ ಅಂದ್ರಿ, ಹಿಂದಿ ಯಾಕ ಮಾತಾಡ್ತಾರ?” ಎಂದು ಕೇಳಿದಳು. ಆಮೇಲೆ ಮಗ ಫೋನಿನಲ್ಲಿ ಕನ್ನಡದ್ದನ್ನು ಹಾಕಿಕೊಟ್ಟ. ಅವ್ವ ಅದನ್ನು ಕಿವಿಯ ಹತ್ತಿರ ಹಿಡಿದು, “ಇದು ನಮ್ಮ ಕಡೀ ಕನ್ನಡ ಅಲ್ಲ, ಆದ್ರ ತಿಳೀತೈತಿ” ಅಂದಳು. ಮಗ ಪಕ್ಕದಲ್ಲಿ ಕುಳಿತು, “ಅಜ್ಜಿ, ಗುಳಿಗ ಅಂದ್ರೆ ಯಾರು?” ಎಂದು ಕೇಳಿದ. ಅವ್ವ ನನ್ನ ಮುಖ ನೋಡಿದಳು. ಅದನ್ನು ಹೇಳಬೇಕಾದವರು ನಿಮ್ಮ ಕಡೆಯವರು.