ಆಲ್ಝೈಮರ್ ಕಾಯಿಲೆ ಮತ್ತು ಉತ್ಕರ್ಷಣ ಒತ್ತಡ: ಅಧ್ಯಯನದ ಇತಿಹಾಸ

ಆಮ್ಲಜನಕ ಬಳಸುವ ಜೀವಕೋಶದಲ್ಲಿ ಅಕ್ಕಪಕ್ಕದ ಅಣುಗಳನ್ನು ಕೆಡಿಸುವ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತಲೇ ಇರುತ್ತವೆ. ಅವುಗಳ ಹಾವಳಿ ದೇಹದ ತಡೆಯನ್ನು ಮೀರಿದ ಸ್ಥಿತಿಯೇ ಉತ್ಕರ್ಷಣ ಒತ್ತಡ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2, ಅದು ಬಳಸುವ ಆಮ್ಲಜನಕ ಸುಮಾರು ಶೇ. 20. ಸಾಲದ್ದಕ್ಕೆ ಅದರ ತುಂಬ ಕೊಬ್ಬು. ಡಬ್ಬಿಯಲ್ಲಿಟ್ಟ ಎಣ್ಣೆ ಕಮಟು ಹಿಡಿಯುವ ರಸಾಯನಕ್ರಿಯೆಯೇ ನರಕೋಶದ ಪೊರೆಯಲ್ಲೂ ನಡೆಯುತ್ತದೆ.

1906ರಲ್ಲಿ ಅಲೋಯಿಸ್ ಆಲ್ಝೈಮರ್ ಟ್ಯೂಬಿಂಗನ್‌ನಲ್ಲಿ ಮುಂದೆ ತಮ್ಮ ಹೆಸರೇ ಪಡೆದ ಈ ಮರೆವಿನ ರೋಗವನ್ನು ವಿವರಿಸಿದಾಗ ರೋಗಿಯ ಮಿದುಳಿನಲ್ಲಿ ಸೂಕ್ಷ್ಮದರ್ಶಕದಡಿ ಕಂಡದ್ದು ಗಡ್ಡೆಗಳು ಮತ್ತು ಸಿಕ್ಕುಗಟ್ಟಿದ ಎಳೆಗಳು. ಉತ್ಕರ್ಷಣದ ಮಾತು ಬಂದದ್ದು ಬೇರೆ ದಾರಿಯಿಂದ. ಮುಪ್ಪಿಗೆ ಫ್ರೀ ರ‍್ಯಾಡಿಕಲ್‌ಗಳೇ ಕಾರಣ ಎಂದು ಅಮೆರಿಕದ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ ವಾದಿಸಿದ್ದು 1956ರಲ್ಲಿ. ಆ ವಾದಕ್ಕೆ ಬಲ ಬಂದದ್ದು 1969ರಲ್ಲಿ. ದನದ ರಕ್ತದಲ್ಲಿ 1938ರಲ್ಲೇ ಸಿಕ್ಕಿದ್ದ, ಏತಕ್ಕಿದೆಯೆಂದು ಯಾರಿಗೂ ತಿಳಿಯದಿದ್ದ ತಾಮ್ರದ ಪ್ರೋಟೀನೊಂದು ಸೂಪರಾಕ್ಸೈಡ್ ಎಂಬ ಫ್ರೀ ರ‍್ಯಾಡಿಕಲ್ಲನ್ನು ನಿವಾರಿಸುವ ಕಿಣ್ವವೆಂದು ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೊವಿಚ್ ತೋರಿಸಿಕೊಟ್ಟರು. ದೇಹ ಕಾವಲುಗಾರನನ್ನು ಇಟ್ಟುಕೊಂಡಿದೆ ಎಂದ ಮೇಲೆ ಕಳ್ಳನೂ ಇರಲೇಬೇಕಲ್ಲ! ‘ಉತ್ಕರ್ಷಣ ಒತ್ತಡ’ದ ಪರಿಕಲ್ಪನೆಗೆ 1985ರಲ್ಲಿ ಖಚಿತ ರೂಪ ಕೊಟ್ಟವರು ಜರ್ಮನಿಯ ಹೆಲ್ಮುಟ್ ಸೀಸ್.

ರೋಗಿಗಳ ಮಿದುಳಿನಲ್ಲಿ ಈ ಹಾನಿಯ ಗುರುತುಗಳಿವೆ ಎಂಬುದರಲ್ಲಿ ಈಗ ತಕರಾರಿಲ್ಲ. ಅದು ರೋಗದ ಮೂಲವೋ ಫಲವೋ ಎಂಬುದೇ ಜಗಳ. ಅಮೆರಿಕದ ಕೆಂಟಕಿಯ ಸಂಶೋಧಕ ವಿಲಿಯಂ ಮಾರ್ಕ್ಸ್‌ಬರಿ 1997ರಲ್ಲಿ ಮೂಲದ ಪರವಾದ ಪುರಾವೆಗಳನ್ನು ಒಟ್ಟುಗೂಡಿಸಿದರು. 2001ರಲ್ಲಿ ನುನೊಮುರಾ ಎಂಬ ಸಂಶೋಧಕರ ತಂಡ, ಹಾನಿ ರೋಗದ ಆರಂಭದಲ್ಲೇ ಹೆಚ್ಚು, ಅಮೈಲಾಯ್ಡ್ ಎಂಬ ಪ್ರೋಟೀನಿನ ಗಡ್ಡೆಗಳು ಬೆಳೆದಂತೆ ಕಡಿಮೆ ಎಂದು ವರದಿ ಮಾಡಿತು.

ಹಾಗಿದ್ದರೆ ಉತ್ಕರ್ಷಣವನ್ನು ತಡೆಯುವ ಇ ಜೀವಸತ್ವದಂಥ ಆಂಟಿಆಕ್ಸಿಡೆಂಟ್ ಕೊಟ್ಟರೆ ಸಾಕೇ? ದಿನಕ್ಕೆ 2000 ಯೂನಿಟ್ ಇ ಜೀವಸತ್ವ ಕೊಟ್ಟ 1997ರ ಅಮೆರಿಕದ ಪ್ರಯೋಗದಲ್ಲಿ 341 ರೋಗಿಗಳಿದ್ದರು. ಆರಂಭದ ಮಾನಸಿಕ ಪರೀಕ್ಷೆಯ ಅಂಕಗಳ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ಮಾತ್ರ ಪರಾವಲಂಬನೆ ತಡವಾದದ್ದು ಕಂಡಿತು. ನೆನಪಿನ ಶಕ್ತಿ ಸುಧಾರಿಸಲಿಲ್ಲ. ಸೌಮ್ಯ ಮರೆವಿನ 769 ಮಂದಿಯ ಮೇಲೆ ನಡೆದ 2005ರ ಪ್ರಯೋಗದಲ್ಲಿ ಇ ಜೀವಸತ್ವದಿಂದ ಪ್ರಯೋಜನ ಸಿಗಲಿಲ್ಲ. 2012ರ ಫಲಿತಾಂಶವಂತೂ ಕಸಿವಿಸಿಯದು: ಇ, ಸಿ ಜೀವಸತ್ವ ಮತ್ತು ಲಿಪೊಯಿಕ್ ಆಮ್ಲ ಸೇವಿಸಿದ ರೋಗಿಗಳ ಮಿದುಳುಬಳ್ಳಿಯ ದ್ರವದಲ್ಲಿ ಹಾನಿಯ ಗುರುತೊಂದು ಇಳಿಯಿತು, ಆದರೆ ಅವರ ಮನಸ್ಸಿನ ಶಕ್ತಿ ಇನ್ನೂ ವೇಗವಾಗಿ ಕುಂದಿತು. 2014ರಲ್ಲಿ ಈ ರೋಗವಿದ್ದ 613 ಮಾಜಿ ಸೈನಿಕರ ಮೇಲಿನ ಪ್ರಯೋಗ, ಇ ಜೀವಸತ್ವದಿಂದ ದಿನನಿತ್ಯದ ಕೆಲಸದ ಸಾಮರ್ಥ್ಯ ಕುಸಿಯುವುದು ನಿಧಾನವಾಯಿತೆಂದು ಹೇಳಿತು.

ಫಲಿತಾಂಶಗಳು ಹೀಗೆ ಬೆರಕೆಯಾಗಲು ಒಂದು ಕಾರಣ ಇದಿರಬಹುದು: ಗುಳಿಗೆ ಎಲ್ಲೆಡೆ ಹರಡುತ್ತದೆ, ಹಾನಿಯಾದರೋ ಕೆಲವೆಡೆ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ತಂಡ ಹುಡುಕಿದ್ದು ಅಂಥ ಒಂದು ಜಾಗವನ್ನು. ರೋಗದ ಮಾದರಿಯಾಗಿ ಬಳಸುವ ಇಲಿಗಳಲ್ಲಿ, ಆರಂಭದ ಹಂತದಲ್ಲೇ, ನರಕೋಶಗಳು ಸೇರುವ ನರಸಂಧಿಯಲ್ಲಿ ಉತ್ಕರ್ಷಣದಿಂದ ಎಕೆಟಿ1 ಎಂಬ ಪ್ರೋಟೀನಿನ ಸಂಕೇತ ಕುಗ್ಗಿ, ಅಲ್ಲೇ ತಯಾರಾಗಬೇಕಿದ್ದ ಹೊಸ ಪ್ರೋಟೀನುಗಳು ತಯಾರಾಗುತ್ತಿರಲಿಲ್ಲ.