ಯಂತ್ರಗಳ ಸ್ಥಾನಾಂತರ
ಗೃಹ ಕಾರ್ಯಶಾಲೆಯ ಲೇತು, ಡ್ರಿಲ್ಲಿಂಗ್ ಯಂತ್ರ, ಗರಗಸವೇ ಮೊದಲಾದ ಗುರುಭಾರದ ಸಾಧನಗಳನ್ನು ಸ್ಥಳದ ಮರುವಿನ್ಯಾಸಕ್ಕೆಂದು ಸುಲಭವಾಗಿ ಸರಿಸುವಂತೆ ಅಣಿಗೊಳಿಸುವ ಕ್ರಮ. ಸಾಂಗಲಿ ಪ್ರಾಂತದಲ್ಲಿ ಇದಕ್ಕೊಂದು ಭವ್ಯ ಪೂರ್ವನಿದರ್ಶನವುಂಟು: 1888ರಲ್ಲಿ ಬೆಳಗಾವಿಯ ಸೈಕಲ್ಲಂಗಡಿಯೊಂದರಿಂದ ಉದ್ಯಮವನ್ನಾರಂಭಿಸಿದ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರು, 1910ರಲ್ಲಿ ಔಂಧ ಸಂಸ್ಥಾನದ ಅರಸರಿತ್ತ ಭೂಮಿಗೆ, ಮಿರಜ–ಪುಣೆ ರೈಲುಮಾರ್ಗದ ಕುಂಡಲ ರೋಡ್ ನಿಲ್ದಾಣದ ಬಳಿಗೆ, ತಮ್ಮ ಕಾರ್ಖಾನೆಯನ್ನೇ ಸಾಗಿಸಿದರು, ಅದೇ ಇಂದಿನ ಕಿರ್ಲೋಸ್ಕರವಾಡಿ.

ಹಾರೆಯಿಂದ ಯಂತ್ರದ ಒಂದು ಅಂಚನ್ನು ಮೀಟಿ, ಅಡಿಗೆ ಉಕ್ಕಿನ ಕೊಳವೆಗಳನ್ನಿರಿಸಿ, ಹಿಂದುಳಿದ ಕೊಳವೆಯನ್ನು ಮತ್ತೆ ಮತ್ತೆ ಮುಂದಕ್ಕೆ ತಂದಿಡುತ್ತ ನೂಕುವುದು ಪುರಾತನ ವಿಧಾನ. ಪದೇ ಪದೇ ಸರಿಸತಕ್ಕ ಯಂತ್ರಕ್ಕೆ ಗಾಲಿಗಳುಳ್ಳ ಆಂಗಲ್ ಕಬ್ಬಿಣದ ಪೀಠವೇ ಲೇಸು. ಆದರೆ ಕೆಲಸದ ವೇಳೆ ಭಾರವು ಗಾಲಿಗಳ ಮೇಲಿರದೆ ತಿರುಪಿನ ಕಾಲುಗಳ ಮೇಲೆ ನಿಲ್ಲತಕ್ಕದ್ದು, ಇಲ್ಲವಾದರೆ ಕಂಪನ ತಪ್ಪದು. ಲೇತಿನ ವಿಷಯದಲ್ಲಂತೂ ಎಚ್ಚರ ಇಮ್ಮಡಿಯಾಗಬೇಕು: ಅದರ ಭಾರದ ಹೆಚ್ಚಿನ ಪಾಲು ತಿರುಗುವ ತುದಿಯಾದ ಹೆಡ್‌ಸ್ಟಾಕಿನ ಕಡೆಗೇ ಕೂಡಿರುವುದಲ್ಲದೆ, ನೆಲೆ ಬದಲಿದಾಗಲೆಲ್ಲ ಹಾಸನ್ನು ಸ್ಪಿರಿಟ್ ಲೆವೆಲ್ಲಿನಿಂದ ಸಮಗೊಳಿಸದಿದ್ದರೆ, ಕಡೆದ ದಂಡವು ಒಂದು ತುದಿಯಲ್ಲಿ ಸಪುರವಾಗಿ ಬರುವುದು.

2019ರ ಆಗಸ್ಟಿನಂತೆ ಕೃಷ್ಣಾ ನದಿಯ ನೆರೆಯು ಸಾಂಗಲಿಯೊಳಕ್ಕೇ ನುಗ್ಗಿದಾಗ ಗಾಲಿಗಳಿಂದಷ್ಟೇ ಪ್ರಯೋಜನ ಕಾಣದು. ಮೋಟಾರನ್ನು ಕಳಚಿ ಮಹಡಿಗೇರಿಸಿ, ಲೇತಿನ ಹಾಸಿನ ಮೇಲೆ ದಪ್ಪನಾಗಿ ಗ್ರೀಸು ಬಳಿದಿಡುವುದೇ ವಿವೇಕ.