ಪಾತರಗಿತ್ತಿ: ಒಂದು ಜೀವಿ, ಎರಡು ಹೆಸರು

ಹಳೆ ಮೈಸೂರು ಸೀಮೆಯವರು ಚಿಟ್ಟೆ ಎನ್ನುವ ಜೀವಿಗೆ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಪಾತರಗಿತ್ತಿ ಎಂದು ಹೆಸರು. ನರ್ತಕಿ ಎಂಬ ಅರ್ಥದಲ್ಲಿ ನಡುಗಾಲದ ಶಾಸನಗಳಲ್ಲಿಯೂ ಬಳಕೆಯಾಗಿರುವ ‘ಪಾತ್ರ’ ಎಂಬ ಪದವು ಜನರ ನಾಲಿಗೆಯಲ್ಲಿ ‘ಪಾತರ’ವಾಗಿ, ಒಕ್ಕಲಗಿತ್ತಿ, ಸೂಲಗಿತ್ತಿ, ಹೂವಾಡಗಿತ್ತಿ ಎಂಬಲ್ಲಿ ಕಾಣುವ ಸ್ತ್ರೀವಾಚಕ ಪ್ರತ್ಯಯವನ್ನು ಕೂಡಿಸಿಕೊಂಡು ಈ ರೂಪ ತಾಳಿದೆ. ರಂಗಮಂಟಪದಲ್ಲಿ ಕುಣಿದವರ ಹೆಸರು ಹೀಗೆ ಹೂವಿನ ಮೇಲೆ ಕುಣಿಯುವ ಕೀಟಕ್ಕೆ ಸಂದು, ಬೇಂದ್ರೆಯವರ ‘ಪಾತರಗಿತ್ತಿ ಪಕ್ಕ’ ಕವಿತೆಯ ಮೂಲಕ ನಾಡಿನ ಮಕ್ಕಳಿಗೆಲ್ಲ ಪರಿಚಿತವಾಯಿತು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಮತ್ತು ದೇವರ ಹಿಪ್ಪರಗಿಯ ಸುತ್ತಲಿನ ಲಿಂಬೆ ತೋಟಗಳಲ್ಲಿ ಈ ಹೆಸರಿಗೆ ತಕ್ಕಂತೆ ನಡೆದುಕೊಳ್ಳುವ ಜೀವಿಯೆಂದರೆ ನಿಂಬೆ ಚಿಟ್ಟೆ. ಲಿನೀಯಸ್ 1758ರಲ್ಲಿ ಇದಕ್ಕೆ ಪ್ಯಾಪಿಲಿಯೊ ಡೆಮೊಲಿಯಸ್ ಎಂದು ಹೆಸರಿಟ್ಟನು. ಕಪ್ಪು ರೆಕ್ಕೆಯ ತುಂಬ ತಿಳಿಹಳದಿ ಮಚ್ಚೆಗಳು, ಹಿಂದಿನ ರೆಕ್ಕೆಯ ಒಳತುದಿಯಲ್ಲೊಂದು ಕೆಂಪು ಬೊಟ್ಟು ಇರುವ ಇದು ಬಾಲದ ಚಿಟ್ಟೆಗಳ ಕುಲಕ್ಕೆ ಸೇರಿದ್ದರೂ ಇದಕ್ಕೆ ಬಾಲವಿಲ್ಲ. ಮಕರಂದ ಹೀರುವಾಗಲೂ ರೆಕ್ಕೆ ಮಡಿಸಿ ಕೂಡದೆ ಬಡಿಯುತ್ತಲೇ ಇರುವ ಇದರ ಚಡಪಡಿಕೆಯನ್ನು ನೋಡಿದವರಿಗೆ ಪಾತರಗಿತ್ತಿ ಎಂಬ ಮಾತು ಎಷ್ಟು ನಿಕಟವಾದ ನೋಟದಿಂದ ಹುಟ್ಟಿದೆ ಎಂಬುದು ಮನವರಿಕೆಯಾಗುತ್ತದೆ. ಗಂಡುಗಳು ಲವಣಕ್ಕಾಗಿ ಹಳ್ಳದ ದಂಡೆಯ ಹಸಿಮಣ್ಣಿಗೆ ಇಳಿಯುತ್ತವೆ.

ಆದರೆ ಈ ಪದ ರೆಕ್ಕೆ ಬಂದ ಅವಸ್ಥೆಯನ್ನು ಮಾತ್ರ ಬಲ್ಲದು. ಹೆಣ್ಣು ಚಿಟ್ಟೆ ಲಿಂಬೆಯ ಎಳೆಚಿಗುರಿನ ಮೇಲೆ ಹೊಟ್ಟೆಯ ತುದಿಯನ್ನು ಬಾಗಿಸಿ ಒಂದೊಂದಾಗಿ ಇಟ್ಟ ಮೊಟ್ಟೆಯಿಂದ ಹೊರಬರುವುದು ಬೆಳೆಗಾರರ ಬಾಯಲ್ಲಿ ಬರಿಯ ‘ಹುಳ’. ಮೊದಮೊದಲು ಅದು ಕಂದು ಬಿಳುಪಿನ ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಹಕ್ಕಿಗಳು ಅದನ್ನು ಕಡೆಗಣಿಸುತ್ತವೆ. ಕೊನೆಯ ಪೊರೆ ಕಳಚಿದ ಮೇಲೆ ಅದು ಎಲೆಯಷ್ಟೇ ಹಸುರಾಗಿ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಗಿತ್ತಳೆ ಬಣ್ಣದ ಕವಲುಕೊಂಬನ್ನು ಹೊರಚಾಚಿ ಗಾಟು ವಾಸನೆಯನ್ನು ಬಿಡುತ್ತದೆ. ಶತ್ರುವನ್ನು ಹಿಮ್ಮೆಟ್ಟಿಸುವ ಈ ಗ್ರಂಥಿಗೆ ವಿಜ್ಞಾನದಲ್ಲಿ ಆಸ್ಮೆಟೀರಿಯಂ ಎಂದು ಹೆಸರು. ಆಮೇಲೆ ನೂಲಿನ ಪಟ್ಟಿಯಿಂದ ಕಡ್ಡಿಗೆ ತನ್ನನ್ನು ಬಿಗಿದುಕೊಳ್ಳುವ ಕೋಶ ಸುತ್ತಲಿನ ಬಣ್ಣಕ್ಕೆ ಹೊಂದಿ ಹಸುರೋ ಕಂದೋ ಆಗುತ್ತದೆ.

ಹೀಗೆ ಒಂದೇ ಜೀವಿಗೆ ಭಾಷೆಯಲ್ಲಿ ಹೊಗಳಿಕೆಯ ಹೆಸರೊಂದು, ಹಗೆಯ ಹೆಸರೊಂದು ಇದ್ದು, ಇವೆರಡರ ನಡುವಿನ ನಂಟು ಬಹಳ ಮಂದಿಗೆ ತಿಳಿಯದೆ ಉಳಿದಿರುವುದು ವಿಷಾದದ ಸಂಗತಿ. ಹಗೆ ಆಧಾರವಿಲ್ಲದ್ದೇನಲ್ಲ, 2004ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಇದು ಕಾಣಿಸಿಕೊಂಡಾಗ ಅಲ್ಲಿಯ ಲಿಂಬೆ ಜಾತಿಯ ಬೆಳೆಗಳ ಬಗ್ಗೆಯೂ ಕಳವಳ ಹುಟ್ಟಿತು, ಎಳೆಯ ಸಸಿಯನ್ನಂತೂ ಕೆಲವೇ ಹುಳಗಳು ಬೋಳಾಗಿಸಬಲ್ಲವು. ಆದರೆ ಬಲಿತ ಗಿಡಕ್ಕೆ ತಗಲುವ ಹಾನಿ ಅದಕ್ಕಿಂತ ಬಹಳ ಕಡಿಮೆ. ಹಕ್ಕಿಗಳೂ ಮೊಟ್ಟೆಯೊಳಗೆ ಮೊಟ್ಟೆಯಿಡುವ ಪರಾವಲಂಬಿ ಕಣಜಗಳೂ ಹುಳದ ಸಂಖ್ಯೆಯನ್ನು ತಗ್ಗಿಸುತ್ತವೆ, ಔಷಧಿ ಹೊಡೆದಾಗ ಸಾಯುವುದರಲ್ಲಿ ಈ ಕಣಜಗಳೂ ಸೇರಿರುತ್ತವೆ. ಆದ್ದರಿಂದ ಬೆಳೆಗಾರರು ಸಸಿಮಡಿಯಲ್ಲಿ ಹುಳವನ್ನು ಕೈಯಿಂದಲೇ ಆರಿಸಿ ತೆಗೆದು, ಸಾಧ್ಯವಾದರೆ ಅದೇ ಹುಳ ತಿಂದು ಬೆಳೆಯಬಲ್ಲ ಹಿತ್ತಲಿನ ಕರಿಬೇವಿಗೋ ಗುಡಿಯ ಬಳಿಯ ಪತ್ರಿ ಗಿಡಕ್ಕೋ ಬಿಡಬೇಕು.